ಬೀಳುವುದನ್ನು ಮೊದಲು ಕಲಿಸಿದವರು

ಅವರ ಕಿವಿಗಳು ಕಿವಿಗಳ ಹಾಗಿರಲಿಲ್ಲ. ಮಡಿಕೆಗಳೆಲ್ಲ ಮುಚ್ಚಿಹೋಗಿ, ಗಟ್ಟಿಯಾಗಿ, ಒಂದೊಂದೂ ಬೆಲ್ಲದ ಹೆಂಟೆಯಷ್ಟು ದಪ್ಪ ಇದ್ದವು. ಕುಸ್ತಿಯಲ್ಲಿ ಎದುರಾಳಿಯ ತೋಳಿಗೂ ಮಣ್ಣಿಗೂ ತಿಕ್ಕಿ ತಿಕ್ಕಿ ಪೈಲವಾನರ ಕಿವಿ ಹೀಗೆ ಮುರಿಯುತ್ತದೆ ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಆಗ ನನ್ನ ಪಾಲಿಗೆ ಅವು ಎರಡು ಹಿಡಿಕೆಗಳು. ಅವರ ಹೆಗಲ ಮೇಲೆ ಕುಳಿತು, ಎರಡೂ ಕೈಯಿಂದ ಎರಡೂ ಕಿವಿ ಹಿಡಿದುಕೊಂಡು, ರಾಮದುರ್ಗದ ಓಣಿಗಳನ್ನು ದಾಟಿ ಮಲಪ್ರಭೆಯ ದಂಡೆಗೆ ಹೋಗುತ್ತಿದ್ದದ್ದು ನನ್ನ ಬದುಕಿನ ಮೊದಲ ನೆನಪು. ನಾನು ಎಷ್ಟು ಬಿಗಿಯಾಗಿ ಹಿಡಿದರೂ ಅವರು ಬಿಡು ಎನ್ನುತ್ತಿರಲಿಲ್ಲ.

"ಹಿಡಿ, ಇನ್ನೂ ಗಟ್ಟಿ ಹಿಡಿ. ಅದರಾಗ ನೋವಾಗಾಕ ಏನೂ ಉಳದಿಲ್ಲ," ಎನ್ನುತ್ತಿದ್ದರು.

ಗರಡಿಯಲ್ಲಿ ಹುಡುಗರಿಗೆ ಕುಸ್ತಿ ಕಲಿಸುವ ಗುರುವನ್ನು ನಮ್ಮ ಕಡೆ ವಸ್ತಾದ ಎನ್ನುತ್ತಾರೆ. ಊರಿಗೆಲ್ಲ ಅವರು ವಸ್ತಾದರು. ಅನಾಥಾಲಯದ ಮಕ್ಕಳಾದ ನಮಗೆ ವಸ್ತಾದಜ್ಜ. ಅವರು ನಮ್ಮಲ್ಲಿ ಯಾರನ್ನೂ ಹೆಸರು ಹಿಡಿದು ಕರೆದದ್ದು ನನಗೆ ನೆನಪಿಲ್ಲ. ಕುತ್ತಿಗೆ ನಿಲ್ಲದ ಕೂಸಿಗೂ ಅವರ ಬಾಯಲ್ಲಿ ಒಂದೇ ಹೆಸರು, "ಏನ್ ಪೈಲವಾನ, ಇವತ್ತ ಕುಸ್ತಿ ಐತೇನು?"

ನಾನು ಸಾಲಹಳ್ಳಿಯವಳು. ನಮ್ಮವ್ವ ನನ್ನನ್ನು ಹೆರಲು ಎರಡು ದಿನ ಒದ್ದಾಡಿ, ಹೆತ್ತ ಮೇಲೆ ಉಳಿಯಲಿಲ್ಲ. ಅಪ್ಪ ಅದಕ್ಕೂ ಮೊದಲೇ ಹೋಗಿದ್ದನಂತೆ. ಎರಡು ವರ್ಷ ಸಾಕಿದ ಅಜ್ಜಿಯೂ ತೀರಿಕೊಂಡಾಗ ಸೋದರಮಾವ ನನ್ನನ್ನು ಒಂದು ಕೌದಿಯಲ್ಲಿ ಸುತ್ತಿ ತಂದು ರಾಮದುರ್ಗದ ಅನಾಥಾಲಯದ ಕಟ್ಟೆಯ ಮೇಲೆ ಇಳಿಸಿದ. ಎರಡು ವರ್ಷವಾದರೂ ನಾನು ಕೂಡುತ್ತಿರಲಿಲ್ಲ. ಕಾಲುಗಳು ಒಂದರ ಮೇಲೊಂದು ಕತ್ತರಿಯ ಹಾಗೆ ಬಿಗಿದುಕೊಂಡಿದ್ದವು. ಅನಾಥಾಲಯವನ್ನು ನೋಡಿಕೊಳ್ಳುತ್ತಿದ್ದ ಹೆಣ್ಣುಮಗಳನ್ನು ಎಲ್ಲರೂ ಅಕ್ಕಾರು ಎನ್ನುತ್ತಿದ್ದರು. ಅವರು ನನ್ನನ್ನು ಡಾಕ್ಟರಿಗೆ ತೋರಿಸಿದರು. "ಇನ್ನೂ ಸಣ್ಣದೈತಿ, ಬೆಳೀಲಿ. ಐದಾರು ವರ್ಷ ಆದ ಮ್ಯಾಲ ದೊಡ್ಡ ದವಾಖಾನಿಗೆ ಚೀಟಿ ಬರದುಕೊಡ್ತೇನಿ," ಎಂದರು ಡಾಕ್ಟರು. ಅವರು ಕೆಟ್ಟವರಲ್ಲ. ಆಗ ಎಲ್ಲರಿಗೂ ತಿಳಿದಿದ್ದದ್ದು ಅಷ್ಟೇ. ಹಾಗಾಗಿ ನಾನು ಬೆಳೆಯುವುದನ್ನು ಕಾಯುತ್ತ, ಪಡಸಾಲೆಯ ಮೂಲೆಯಲ್ಲಿ ಅದೇ ಕೌದಿಯ ಮೇಲೆ ಮಲಗಿರುತ್ತಿದ್ದೆ. ನನ್ನ ಪಕ್ಕದಲ್ಲಿ ಬಸು ಎಂಬ ಇನ್ನೊಂದು ಕೂಸು. ಅವನಿಗೆ ಕುತ್ತಿಗೆಯೇ ನಿಂತಿರಲಿಲ್ಲ. ಹೊತ್ತಿಗೆ ಸರಿಯಾಗಿ ಗಂಜಿ ಹಾಕುತ್ತಿದ್ದರು, ಬಟ್ಟೆ ಬದಲಿಸುತ್ತಿದ್ದರು, ನೊಣ ಕೂಡದ ಹಾಗೆ ಮೇಲೆ ತೆಳ್ಳನೆಯ ಅರಿವೆ ಹೊದಿಸುತ್ತಿದ್ದರು. ಮೂವತ್ತು ಮಕ್ಕಳಿಗೆ ಇಬ್ಬರೇ ಹೆಂಗಸರಿದ್ದ ಮನೆಯಲ್ಲಿ ಅದಕ್ಕಿಂತ ಹೆಚ್ಚು ಯಾರೂ ಮಾಡಲಾರರು.

ಅದು ಎಪ್ಪತ್ತರ ದಶಕದ ಆರಂಭ. ಎಲ್ಲಿ ಹೋದರೂ ನವಿಲುತೀರ್ಥದ ಡ್ಯಾಮಿನದೇ ಮಾತು. ಒಂದು ದಿನ ಅಡುಗೆಯ ದೊಡ್ಡವ್ವ ನೀರಿನ ಕೊಡ ಹೊತ್ತು ಬರುವಾಗ ಜಾರಿ ಬಿದ್ದು ಭುಜ ಕಳಚಿಕೊಂಡಳು. ಕೀಲು ಕೂಡಿಸುವುದರಲ್ಲಿ ವಸ್ತಾದರ ಕೈ ದೊಡ್ಡದು ಎಂದು ಅಕ್ಕಾರು ಅವರಿಗೆ ಹೇಳಿಕಳಿಸಿದರು. ಮುಂದಿನದನ್ನು ನನಗೆ ಹೇಳಿದವರು ಅಕ್ಕಾರು, ಅದೂ ಹತ್ತು ಸಲವಾದರೂ.

ವಸ್ತಾದರು ಬಂದು ಭುಜ ಕೂಡಿಸಿ, ಕೈ ತೊಳೆದುಕೊಂಡು ಹೊರಟವರು ಪಡಸಾಲೆಯಲ್ಲಿ ನಿಂತರಂತೆ.

"ಈ ಕೂಸ ಯಾಕ ಮಲಗೇತಿ? ಜ್ವರ ಬಂದಾವೇನು?"

"ಇಲ್ಲರಿ. ಅದು ಏಳೂದಿಲ್ಲ," ಎಂದರು ಅಕ್ಕಾರು.

"ಏಳೂದಿಲ್ಲ ಅಂತ ಅದು ಹೇಳೇತೇನು?"

ಅಕ್ಕಾರು ಡಾಕ್ಟರು ಹೇಳಿದ್ದನ್ನು ಹೇಳಿದರು. ವಸ್ತಾದರು ನನ್ನ ಪಕ್ಕದಲ್ಲಿ ನೆಲದ ಮೇಲೆ ಕುಳಿತು, ಕಾಲನ್ನು ಅಂಗೈಯಲ್ಲಿ ಹಿಡಿದು ನೋಡಿದರು. "ಹನ್ನೆರಡು ವರ್ಷಕ್ಕ ಗರಡಿಗೆ ಬಂದ ಹುಡುಗ ಡಾವು-ಪಟ್ಟು ಕಲೀತಾನ್ರಿ ಅಕ್ಕಾರ. ಇಪ್ಪತ್ತೈದಕ್ಕ ಬಂದಾಂವ ಬರೇ ಮೈನೋವು ಕಲೀತಾನ. ಇದಕ್ಕ ಐದಾರು ವರ್ಷ ಕಾಯೂದು ಯಾಕ? ನಾಳಿಂದ ಬರತೇನಿ," ಎಂದು ಎದ್ದು ಹೋದರು. ಬರಬಹುದೇ ಎಂದು ಕೇಳಲಿಲ್ಲವಂತೆ.

ಮೊದಲ ವಾರ ಅವರು ಮಾಡಿದ್ದು ತಪ್ಪು. ಪೈಲವಾನರ ಬಿಗಿದ ಸ್ನಾಯುಗಳನ್ನು ತಿಕ್ಕಿ ಬಿಡಿಸುವ ಹಾಗೆಯೇ ನನ್ನ ಕಾಲುಗಳನ್ನು ತಿಕ್ಕಿ ಎಳೆದರು. ನಾನು ಓಣಿಗೆಲ್ಲ ಕೇಳುವ ಹಾಗೆ ಅತ್ತೆ. ಅತ್ತಷ್ಟೂ ಕಾಲು ಇನ್ನಷ್ಟು ಬಿಗಿಯಾದವು. ಏಳನೆಯ ದಿನ ತೊಡೆ ಬಾತುಕೊಂಡಿತು. ಅದನ್ನು ನೋಡಿ ಅವರು ಎದ್ದು ಹೋದರು, ನಾಲ್ಕು ದಿನ ಬರಲಿಲ್ಲ. ಇನ್ನು ಬರುವುದಿಲ್ಲವೆಂದೇ ಅಕ್ಕಾರು ತಿಳಿದಿದ್ದರು. ಐದನೆಯ ದಿನ ಬಾಗಿಲಲ್ಲಿ ನಿಂತು ಹೇಳಿದರಂತೆ:

"ತಪ್ಪಾತ್ರಿ. ದೊಡ್ಡ ಗಂಡಸರ ಕಾಲು ಹಿಡಿದಂಗ ಹಿಡಿದೆ. ಈ ಕೂಸಿಗೆ ಸಿಟ್ಟು ಬಂದ್ರ ಕಾಲಿಗೂ ಸಿಟ್ಟು ಬರತೈತಿ. ಮೊದಲ ನಗಸಬೇಕು. ನಕ್ಕ ಮ್ಯಾಲ ಹಿಡೀಬೇಕು."

ಅಲ್ಲಿಂದ ಅವರು ಬಂದ ಕೂಡಲೇ ನನ್ನನ್ನು ಮುಟ್ಟುತ್ತಿರಲಿಲ್ಲ. ಬೀಳದ ಹಾಗೆ ಬೆನ್ನಿಗೆ ಕೈ ಕೊಟ್ಟು, ಹೆಗಲ ಮೇಲೆ ಕೂಡಿಸಿಕೊಂಡು ಹೊಳೆಯ ದಂಡೆಗೆ ಒಯ್ಯುತ್ತಿದ್ದರು. ದಾರಿಯುದ್ದಕ್ಕೂ ಎಮ್ಮೆ, ಕೋಳಿ, ಬಸ್ಸು ಎಲ್ಲದರ ದನಿ ತೆಗೆಯುತ್ತಿದ್ದರು. ಆ ದೊಡ್ಡ ಮೈಯಿಂದ ಕೋಳಿಮರಿಯ ದನಿ ಬಂದರೆ ಯಾವ ಕೂಸು ನಗುವುದಿಲ್ಲ? ಬಿಸಿಲಿಗೆ ಬೆಚ್ಚಗಾದ ಉಸುಕಿನಲ್ಲಿ ನನ್ನನ್ನು ಮಲಗಿಸಿ, ನಗುತ್ತಿರುವಾಗಲೇ ಎರಡು ಬೆರಳಿಂದ ಕಾಲನ್ನು ಮೆಲ್ಲಗೆ ಬಿಡಿಸುತ್ತಿದ್ದರು. ಕಾಲು ಬಿಗಿಯಾದರೆ ಅಲ್ಲೇ ನಿಲ್ಲಿಸಿ ಕಾಯುವರು. "ಉಸರು ಬಿಡು ಪೈಲವಾನ, ಉಸರು ಬಿಡು," ಎಂದು ತಾವೇ ದೊಡ್ಡದಾಗಿ ಉಸಿರು ಬಿಟ್ಟು ತೋರಿಸುವರು. ಉಸಿರಿನ ಜೊತೆ ಕಾಲೂ ಬಿಡುತ್ತಿತ್ತು. ಏಳೆಂಟು ತಿಂಗಳಲ್ಲಿ ನಾನು ಗೋಡೆಗೆ ಆನಿಕೊಂಡು ಕುಳಿತೆ. ಕುಳಿತ ಮೇಲೆ ಎದುರಿಗೆ ಏನೇನಿದೆ ಎಂದು ಕಂಡಿತು, ಕಂಡದ್ದಕ್ಕೆಲ್ಲ ಹೆಸರು ಕೇಳತೊಡಗಿದೆ. ಅಲ್ಲಿಯ ತನಕ ನಾನು ಮೂಗಿ ಎಂದೂ ಕೆಲವರು ತಿಳಿದಿದ್ದರಂತೆ.

ಬಸುವಿನದು ಬೇರೆಯೇ ಪಾಠ. ಅವನ ಮೈ ಬಿಗಿಯಲ್ಲ, ನೆನೆದ ಅರಿವೆಯ ಹಾಗೆ ಸಡಿಲ. ಬೋರಲು ಮಲಗಿಸಿದರೆ ಮೂಗು ನೆಲಕ್ಕೆ ಒತ್ತಿ ಉಸಿರು ಕಟ್ಟುತ್ತಿತ್ತು. ಅದಕ್ಕೆ ವಸ್ತಾದಜ್ಜ ಅಂಗಿ ತೆಗೆದು ಅಂಗಳದಲ್ಲಿ ತಾವೇ ಅಂಗಾತ ಮಲಗಿ, ತಮ್ಮ ಅಗಲವಾದ ಎದೆಯ ಮೇಲೆ ಬಸುವನ್ನು ಬೋರಲು ಹಾಕಿಕೊಳ್ಳುತ್ತಿದ್ದರು. ಹಾಕಿಕೊಂಡು ಮಾತಾಡುತ್ತಿದ್ದರು. ಬೈಲಹೊಂಗಲದ ಕಣದಲ್ಲಿ ಯಾವ ಡಾವು ಹಾಕಿದೆ, ಕಿತ್ತೂರಿನ ಕಣದಲ್ಲಿ ಹೇಗೆ ಮಣ್ಣು ಮುಕ್ಕಿದೆ, ಅವತ್ತು ರೊಟ್ಟಿಗೆ ಏನು ಪಲ್ಯ. ಮಾತು ಎಲ್ಲಿಂದ ಬರುತ್ತಿದೆ ಎಂದು ನೋಡುವ ಆಸೆಗೆ ಬಸು ತಲೆ ಎತ್ತಬೇಕಿತ್ತು. ಮೊದಮೊದಲು ಹುಬ್ಬು ಮಾತ್ರ ಎತ್ತುತ್ತಿದ್ದ. ಆಮೇಲೆ ಗದ್ದ ಒಂದು ಬೆರಳಿನಷ್ಟು ಎದೆಯಿಂದ ಮೇಲೇಳುತ್ತಿತ್ತು.

ಕುಸ್ತಿಯವನಿಗೆ ಬೆನ್ನು ನೆಲಕ್ಕೆ ಹತ್ತಿತೆಂದರೆ ಚಿತ್, ಅಂದರೆ ಸೋಲು. ಒಮ್ಮೆ ಗರಡಿಯ ಹುಡುಗರು ಯಾವುದೋ ಕೆಲಸಕ್ಕೆ ಅವರನ್ನು ಹುಡುಕಿಕೊಂಡು ಬಂದವರು, ಗುರು ಅಂಗಾತ ಮಲಗಿದ್ದನ್ನೂ ಎದೆಯ ಮೇಲೆ ಒಂದು ಕೂಸು ಜೊಲ್ಲು ಸುರಿಸುತ್ತಿದ್ದದ್ದನ್ನೂ ನೋಡಿ ಬಾಗಿಲಲ್ಲೇ ನಿಂತುಬಿಟ್ಟರು. ವಸ್ತಾದಜ್ಜ ಮಲಗಿದಲ್ಲಿಂದಲೇ ಹೇಳಿದರು: "ಯಾಕ ಹಂಗ ನೋಡತೀರಿ? ಚಿತ್ ಆಗೇನಿ. ಈ ಪೈಲವಾನ ಬಿಡವಲ್ಲ, ಏನ ಮಾಡ್ಲಿ?" ಹುಡುಗರು ನಕ್ಕರು. ಆದರೆ ಊರಲ್ಲಿ ಮಾತು ಹಬ್ಬಿತು.

ಮಾತು ಬೆಳೆದದ್ದು ತಗ್ಗಿನ ಸಲುವಾಗಿ. ನಾನು ಕೂಡಲು ಕಲಿತ ಮೇಲೆ ಅವರಿಗೆ ನನ್ನನ್ನು ನಿಲ್ಲಿಸುವ ಹಂಬಲ ಹತ್ತಿತು. ಹಿಡಿದು ನಿಲ್ಲಿಸಿದರೆ ಮೊಣಕಾಲು ಮಡಚುತ್ತಿತ್ತು, ಕಾಲು ಕತ್ತರಿಯಾಗುತ್ತಿತ್ತು. ಎಷ್ಟೋ ದಿನ ಯೋಚಿಸಿ, ಅಂಗಳದ ಬೇವಿನ ಗಿಡದ ನೆರಳಲ್ಲಿ ನನ್ನ ಸೊಂಟದವರೆಗೆ ಬರುವಷ್ಟು ಒಂದು ತಗ್ಗು ತೋಡಿದರು. ನನ್ನನ್ನು ಅದರಲ್ಲಿ ನೆಟ್ಟಗೆ ಇಳಿಸಿ, ಮೊಣಕಾಲುಗಳ ನಡುವೆ ಹಳೆಯ ಕೌದಿಯ ಸುರುಳಿ ಇಟ್ಟು, ಸುತ್ತಲೂ ಮಣ್ಣು ತುಂಬಿದರು. ಮಣ್ಣು ನನ್ನನ್ನು ಎಲ್ಲ ಕಡೆಯಿಂದಲೂ ಹಿಡಿದುಕೊಂಡಿತು. ಕೈ ಬಿಡುವಾಗಿದ್ದವು. ಎದುರಿಗೆ ಒಂದು ಹಲಗೆ ಇಟ್ಟು ಅದರ ಮೇಲೆ ಹುಣಸೆ ಬೀಜ, ಗಾಲಿ, ಬಳೆ ಚೂರು ಹಾಕಿಕೊಡುತ್ತಿದ್ದರು. ನಿಂತಿದ್ದೇನೆ ಎನ್ನುವುದನ್ನು ಮರೆತು ನಾನು ಆಡುತ್ತಿದ್ದೆ.

ಆದರೆ ನಮ್ಮ ಅಂಗಳದ್ದು ಎರೆಮಣ್ಣು. ಒಣಗಿದರೆ ಕಲ್ಲು, ನೆನೆದರೆ ಅಂಟು. ಹಾಗಾಗಿ ಅವರು ಗರಡಿಯಿಂದ ನಾಲ್ಕು ಬುಟ್ಟಿ ಮಣ್ಣು ಹೊತ್ತು ತಂದಿದ್ದರು. ಜರಡಿ ಹಿಡಿದ ಕೆಮ್ಮಣ್ಣು, ಮಜ್ಜಿಗೆ, ಎಣ್ಣೆ, ಅರಿಶಿನ, ನಿಂಬೆಹಣ್ಣಿನ ರಸ ಹಾಕಿ ವರ್ಷಗಟ್ಟಲೆ ಹದ ಮಾಡಿದ್ದು. ಬೆಣ್ಣೆಯ ಹಾಗೆ ಮೆತ್ತಗೆ, ತಣ್ಣಗೆ ಇರುತ್ತಿತ್ತು.

ಒಂದು ಬೆಳಿಗ್ಗೆ ಗರಡಿಯ ಮೂವರು ಹಿರಿಯರು ನಮ್ಮ ಅಂಗಳಕ್ಕೆ ಬಂದರು. ನನಗೆ ಆಗ ನಾಲ್ಕು ತುಂಬಿರಬೇಕು. ತಗ್ಗಿನಲ್ಲಿ ನಿಂತ ನನಗೆ ಕಂಡದ್ದು ಮೂರು ಜೊತೆ ಚಪ್ಪಲಿ, ಮೂರು ಧೋತರದ ಅಂಚು. ಮುಖಗಳು ಎಲ್ಲೋ ಮೇಲೆ ಇದ್ದವು.

"ವಸ್ತಾದರ, ಇದು ನಮ್ಮ ಗರಡಿ ಮಣ್ಣೇನ್ರಿ?" ಎಂದರು ಅವರಲ್ಲಿ ದೊಡ್ಡವರು.

"ಹೌದ್ರಿ. ನಾಕು ಬುಟ್ಟಿ ತಂದೇನಿ."

"ಹನುಮಪ್ಪನ ಮಣ್ಣದು. ಹೆಣ್ಣ ಮಕ್ಕಳು ಕಾಲಿಡಬಾರದು ಅಂತ ನಮಗ ಹೇಳಿಕೊಟ್ಟಾವರ ನೀವು. ಅಂಥಾದ್ರಾಗ ಈ ಕೂಸುಗಳ ಜಾತಿ ಯಾವುದು, ಹುಟ್ಟು ಯಾವುದು, ಯಾರಿಗ್ಗೊತ್ತೈತ್ರಿ?"

"ಹೇಳಿಕೊಟ್ಟಿದ್ದೆ, ಖರೆ. ಅವಾಗ ನನಗ ಅಷ್ಟ ಗೊತ್ತಿತ್ತು," ಎಂದರು ವಸ್ತಾದಜ್ಜ.

"ಹಂಗಾರ ವಿಚಾರ ಮಾಡ್ರಿ. ನಿಮಗ ಗರಡಿ ಬೇಕೋ, ಇದು ಬೇಕೋ."

"ಈ ಕೂಸಿನ ಹೊತ್ತಾತ್ರಿ, ಹೊರಗ ತಗೀಬೇಕು. ಸಂಜೀಕ ಬಂದು ಕೀಲಿ ಕೊಡತೇನಿ."

ಇಷ್ಟೇ ಮಾತು. ಚಪ್ಪಲಿಗಳು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಇದ್ದವು, ಆಮೇಲೆ ತಿರುಗಿ ಹೋದವು. ಅಜ್ಜ ನನ್ನ ಸುತ್ತಲಿನ ಮಣ್ಣನ್ನು ಕೈಯಿಂದ ಬಗೆದು, ಕಂಕುಳಲ್ಲಿ ಕೈ ಹಾಕಿ ಎತ್ತಿ, ಕಾಲಿಗೆ ಹತ್ತಿದ ಮಣ್ಣನ್ನು ತಮ್ಮ ಹೆಗಲ ಮೇಲಿನ ವಸ್ತ್ರದಿಂದ ಒರೆಸಿದರು. ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಅಕ್ಕಾರು, "ವಸ್ತಾದರ, ಬ್ಯಾಡ್ರಿ. ಇವಕ್ಕ ಹೆಂಗೋ ಮಾಡೋಣಂತ. ನೀವು ಗರಡಿ ಬಿಡಬ್ಯಾಡ್ರಿ," ಎಂದರು.

"ಗರಡಿಗೆ ಇನ್ನೊಬ್ಬ ವಸ್ತಾದ ಸಿಗತಾನ್ರಿ ಅಕ್ಕಾರ," ಎಂದರು ಅವರು. ಇವಕ್ಕೆ ಯಾರು ಸಿಗುತ್ತಾರೆ ಎಂದು ಹೇಳಲಿಲ್ಲ.

ಮೂವತ್ತು ವರ್ಷ ಆಳಿದ ಗರಡಿಯ ಕೀಲಿಯನ್ನು ಅವತ್ತೇ ಸಂಜೆ ಕೊಟ್ಟುಬಂದರು. ಮರುದಿನ ನಾಲ್ಕು ಬುಟ್ಟಿ ಮಣ್ಣನ್ನೂ ತಿರುಗಿ ಹೊತ್ತೊಯ್ದು ಹಾಕಿದರು. "ಅದು ಅವರದು," ಎಂದರಂತೆ. ಗರಡಿಯ ಹಿಂದಿನ ಕೋಣೆಯಲ್ಲೇ ಅವರ ವಾಸವಿತ್ತು. ಅದೂ ಹೋಯಿತು. ಹೆಂಡತಿ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಸುರೇಬಾನದಲ್ಲಿ ಹೊಲ ಮಾಡಿಕೊಂಡಿದ್ದ ಮಗನ ಮನೆಗೆ ಹೋದರು. ಅಲ್ಲಿಂದ ದಿನವೂ ಮೊದಲ ಬಸ್ಸಿಗೆ ರಾಮದುರ್ಗಕ್ಕೆ ಬರತೊಡಗಿದರು. ಸವದತ್ತಿ ದಾರಿಯ ಗುಡ್ಡದಿಂದ ಕೆಮ್ಮಣ್ಣು ತರಿಸಿ, ನಮ್ಮ ಅಂಗಳದಲ್ಲೇ ಜರಡಿ ಹಿಡಿದು, ಮಜ್ಜಿಗೆ ಎಣ್ಣೆ ಬೆರೆಸಿ ಹೊಸದಾಗಿ ಹದ ಮಾಡಿದರು. ಮಣ್ಣು ಕಲೆಸಲು ನಮ್ಮನ್ನೆಲ್ಲ ಸುತ್ತಲೂ ಕೂಡಿಸುತ್ತಿದ್ದರು. ಬೆರಳು ಬಿಡಿಸಲಾರದ ಒಂದು ಹುಡುಗಿ ಆ ಮಣ್ಣು ಹಿಸುಕಿ ಹಿಸುಕಿಯೇ ಮುಷ್ಟಿ ತೆರೆಯುವುದನ್ನು ಕಲಿತಳು.

ತಗ್ಗಿನ ಮಣ್ಣನ್ನು ಅವರು ತಿಂಗಳಿಗೆ ಒಂದು ಗೇಣಿನಷ್ಟೂ ಅಲ್ಲ, ನಾಲ್ಕು ಬೆರಳಿನಷ್ಟು ಕಡಿಮೆ ಮಾಡುತ್ತ ಬಂದರು. ಸೊಂಟದಿಂದ ತೊಡೆಗೆ, ತೊಡೆಯಿಂದ ಮೊಣಕಾಲಿಗೆ. ನನಗೆ ಗೊತ್ತಾಗದ ಹಾಗೆ ನಾನೇ ನಿಲ್ಲುತ್ತಿದ್ದೆ. ಮಣ್ಣು ಪಾದದ ಹರಡಿಗೆ ಬಂದು ನಿಂತಾಗ ನಡೆಯುವುದನ್ನು ಕಲಿಸುತ್ತಾರೆ ಎಂದು ಎಲ್ಲರೂ ಕಾದರೆ ಅವರು ಬೀಳುವುದನ್ನು ಕಲಿಸಲು ಹೊರಟರು. ಮೆತ್ತನೆಯ ಮಣ್ಣು ಹರವಿ, ಅದರ ಮೇಲೆ ನನ್ನನ್ನು ನಿಲ್ಲಿಸಿ, ಗದ್ದ ಎದೆಗೆ ಹಚ್ಚುವುದು, ಕೈ ಊರದೆ ಭುಜದ ಮೇಲೆ ಹೊರಳುವುದು, ಬೀಳುವಾಗ ಉಸಿರು ಬಿಡುವುದು ಇವನ್ನೇ ದಿನಕ್ಕೆ ಇಪ್ಪತ್ತು ಸಲ ಮಾಡಿಸಿದರು. ಕಾಲು ಸರಿಯಿದ್ದ ಮಕ್ಕಳೂ ಆಸೆಬಿದ್ದು ಪಾಳಿ ಹಚ್ಚಿ ಬಿದ್ದರು. ಅಕ್ಕಾರಿಗೆ ತಡೆಯಲಾಗಲಿಲ್ಲ.

"ನಡಿಯೂದ ಕಲಸ್ರಿ ಅಂದ್ರ ಬೀಳೂದ ಕಲಸಾಕತ್ತೀರಲ್ಲರಿ?"

"ಬೀಳೂದಕ್ಕ ಹೆದರೂ ಕಾಲು ಮುಂದ ಹೋಗೂದಿಲ್ಲರಿ. ನಮ್ಮ ಹುಡುಗರಿಗೂ ಮೊದಲ ಆರು ತಿಂಗಳು ಇದನ್ನ ಕಲಸ್ತಿದ್ದೆ."

ಇದನ್ನು ಬರೆಯುತ್ತಿರುವ ಹೊತ್ತಿಗೆ ನಾನು ಬೈಲಹೊಂಗಲದ ಒಂದು ಪ್ರಾಥಮಿಕ ಶಾಲೆಯಲ್ಲಿ ಕೆಲಸ ಮಾಡಿ ನಿವೃತ್ತಿಯ ಹತ್ತಿರ ಬಂದಿದ್ದೇನೆ. ಎರಡು ಬಡಿಗೆ ಹಿಡಿದು ನಡೆಯುತ್ತೇನೆ. ವರ್ಷಕ್ಕೆ ಎರಡು ಮೂರು ಸಲವಾದರೂ ಬೀಳುತ್ತೇನೆ. ಶಾಲೆಯ ಮೆಟ್ಟಿಲ ಮೇಲೆ ಬಿದ್ದಿದ್ದೇನೆ, ಬಸ್‌ಸ್ಟ್ಯಾಂಡಿನಲ್ಲಿ ಬಿದ್ದಿದ್ದೇನೆ, ಒಮ್ಮೆ ಶಾಲೆ ನೋಡಲು ಬಂದ ಸಾಹೇಬರ ಕಾಲ ಬುಡದಲ್ಲೇ ಬಿದ್ದಿದ್ದೇನೆ. ನೋಡಿದವರು ಗಾಬರಿಯಾಗುತ್ತಾರೆ. ನನ್ನ ಒಂದು ಎಲುಬೂ ಈವರೆಗೆ ಮುರಿದಿಲ್ಲ.

ಬಸುವಿನ ವಿಷಯ ಹೇಳಬೇಕು. ಅವನು ತಲೆ ಎತ್ತಿ, ಅಜ್ಜನ ಮುಖವನ್ನು ನೂರು ಎಣಿಸುವಷ್ಟು ಹೊತ್ತು ನೋಡುವುದನ್ನು ಕಲಿತಿದ್ದ. ಅಷ್ಟು ಕಲಿಯಲು ಎರಡು ವರ್ಷ ಹಿಡಿಯಿತು. ತಲೆ ನಿಂತ ಮೇಲೆ ಗಂಟಲಲ್ಲಿ ಸಿಕ್ಕಿಕೊಳ್ಳದೆ ಗಂಜಿ ಇಳಿಯತೊಡಗಿತು, ಕೆನ್ನೆ ತುಂಬಿಕೊಂಡಿತು. ಮಳೆಗಾಲದ ಒಂದು ಜ್ವರದಲ್ಲಿ, ಐದು ತುಂಬುವ ಮೊದಲೇ, ಮೂರು ದಿನದಲ್ಲಿ ಹೋಗಿಬಿಟ್ಟ. ವಸ್ತಾದಜ್ಜನೇ ಎತ್ತಿಕೊಂಡು ಹೋಗಿ ಮಣ್ಣು ಮಾಡಿ ಬಂದರು. ಮರುದಿನ ಅವರು ಬರಲಿಕ್ಕಿಲ್ಲ ಎಂದುಕೊಂಡಿದ್ದೆವು. ಮೊದಲ ಬಸ್ಸಿಗೇ ಬಂದರು. ಅಂಗಿ ತೆಗೆದು, ದಿನದಂತೆ ಅಂಗಳದಲ್ಲಿ ಅಂಗಾತ ಮಲಗಿದರು. ಎದೆಯ ಮೇಲೆ ಯಾರೂ ಇರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ದೊಡ್ಡವ್ವ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಎದ್ದು ಬೆನ್ನಿನ ಮಣ್ಣು ಝಾಡಿಸಿಕೊಂಡು, "ಯಾರದ ಪಾಳಿ? ಬರ್ರಿ," ಎಂದರು.

ನನ್ನ ಆರನೆಯ ವರ್ಷದಲ್ಲಿ, ಅವರು ಕಟ್ಟಿದ ಎರಡು ಬಿದಿರಿನ ಗಳಗಳ ನಡುವೆ ನಾನು ಏಳು ಹೆಜ್ಜೆ ನಡೆದೆ. ಮುಂದಿನ ಜೂನಿನಲ್ಲಿ ಬಡಿಗೆ ಊರಿಕೊಂಡು ಶಾಲೆಗೆ ಹೋದೆ. ನಮ್ಮನ್ನು ನೋಡಲು ಬರುತ್ತಿದ್ದ ಅದೇ ಡಾಕ್ಟರು ಒಂದು ದಿನ ಬೇವಿನ ಗಿಡದ ಕೆಳಗೆ ಬಹಳ ಹೊತ್ತು ನಿಂತು ನೋಡಿ, ಬೇರೆ ಊರಿನಿಂದ ಬಂದ ಒಂದು ವರ್ಷದ ಕೂಸನ್ನು ತಾವೇ ಎತ್ತಿ ತಂದು ಅಜ್ಜನ ಕೈಗೆ ಕೊಟ್ಟರು. "ಇದಕ್ಕ ಕಾಯೂದು ಬ್ಯಾಡ್ರಿ ವಸ್ತಾದರ," ಎಂದರು. ಅಜ್ಜ ಕೂಸಿನ ಕಾಲನ್ನು ಅಂಗೈಯಲ್ಲಿ ಹಿಡಿದು ನೋಡಿದರು.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಅವರ ಮೊಣಕಾಲುಗಳೇ ಸೋತಿದ್ದವು. ಬಸ್ಸು ಹತ್ತಲು ಕಂಡಕ್ಟರು ಕೈ ಕೊಡಬೇಕಾಗುತ್ತಿತ್ತು. ದಿನ ಬರುತ್ತಿದ್ದವರು ವಾರಕ್ಕೆ ಎರಡು ದಿನ, ಆಮೇಲೆ ತಿಂಗಳಿಗೊಮ್ಮೆ ಬಂದರು. ಅಷ್ಟರಲ್ಲಿ ದೊಡ್ಡವ್ವ ಎಲ್ಲವನ್ನೂ ಕಲಿತುಕೊಂಡಿದ್ದಳು. ಕೊನೆಯ ಸಲ ಬಂದಾಗ ಕುರ್ಚಿಯ ಮೇಲೆ ಕುಳಿತು, ಅವಳು ಕೂಸುಗಳ ಕಾಲು ಬಿಡಿಸುವುದನ್ನು ನೋಡುತ್ತಿದ್ದರು. ಹೊರಡುವಾಗ ನನ್ನನ್ನು ಕರೆದು, "ಊಟ ಸರಿ ಮಾಡತಿ ಇಲ್ಲೋ? ತೋಳು ನೋಡು, ಹೆಂಗ ಆಗ್ಯಾವು. ಬಡಿಗಿ ಹಿಡಿಯೂ ಪೈಲವಾನಗ ತೋಳಿನಾಗ ಕಸುವು ಇರಬೇಕು," ಎಂದು ಬೈದರು. ಹತ್ತು ವರ್ಷದ ನಾನು ತಲೆ ಆಡಿಸಿದೆ.

ಅವರು ತೀರಿಕೊಂಡ ಸುದ್ದಿಯನ್ನು ತಂದವರು ಸುರೇಬಾನದ ಬಸ್ಸಿನ ಕಂಡಕ್ಟರು. ಅಷ್ಟರಲ್ಲಿ ಮೂರು ದಿನ ಕಳೆದಿತ್ತು. ಅಕ್ಕಾರು ನನ್ನನ್ನು ಕರೆದುಕೊಂಡು ಹೋದರು. ಮಗ ಹೊಲಕ್ಕೆ ಹೋಗಿದ್ದ. ಸೊಸೆ ಚಾಪೆ ಹಾಸಿ, ನಾನು ಬಡಿಗೆ ಒರಗಿಸಿ ಕುಳಿತುಕೊಳ್ಳುವುದನ್ನು ಬಿಡುಗಣ್ಣಿಂದ ನೋಡಿ, ಒಲೆಯ ಮೇಲೆ ಚಹಾ ಇಟ್ಟಳು.

"ನಮ್ಮ ಮಾವಾರು ಎಷ್ಟ ಕುಸ್ತಿ ಗೆದ್ದಾರ ಅಂತ ನನಗ ಇವತ್ತಿಗೂ ಗೊತ್ತಿಲ್ಲರಿ ಅಕ್ಕಾರ," ಎಂದಳು. "ಮೊಮ್ಮಕ್ಕಳು ಕೇಳಿದ್ರ, ಕೆಡವಿದ್ದನ್ನೇನ ಹೇಳೂದು ಅಂತಿದ್ರು. ಊಟಕ್ಕ ಕುಂತಾಗ ಮಾತ್ರ ಎದ್ದು ನಿಂತ ಕೂಸುಗಳ ಹೆಸರು ಹೇಳತಿದ್ರು. ದಿನಾ ಕೇಳಿ ಕೇಳಿ ನನಗೂ ಬಾಯಿಪಾಠ ಆಗ್ಯಾವು."

ಒಲೆಯಲ್ಲಿ ಕಟ್ಟಿಗೆ ಸರಿಸುತ್ತ ಅವಳು ಆ ಹೆಸರುಗಳನ್ನು ಹೇಳಿದಳು. ಎದುರಿಗೆ ಎಂದೂ ಹೆಸರು ಹಿಡಿದು ಕರೆಯದ ಮನುಷ್ಯ ನಮ್ಮ ಹೆಸರುಗಳನ್ನು ನೆನಪಿನಲ್ಲಿ ಇಟ್ಟುಕೊಂಡಿದ್ದರು. ಏಳು ಹೆಸರು. ಮೂರನೆಯದು ನನ್ನದು. ಕೊನೆಯದು ಬಸು.

"ಬಸು ನಿಂತಿರಲಿಲ್ಲರಿ," ಎಂದೆ ನಾನು. ಅವಳಿಗೆ ತಪ್ಪು ತಿಳಿದಿರಬಹುದು ಎನ್ನಿಸಿತ್ತು. "ಅವಗ ಬರೇ ಕುತ್ತಿಗಿ ನಿಂತಿತ್ತು."

ಅವಳು ಚಹಾ ಸೋಸಿ, ಬಟ್ಟಲನ್ನು ನನ್ನ ಕೈಗೇ ಕೊಟ್ಟಳು.

"ಇರಬಹುದವ್ವಾ," ಎಂದಳು. "ನಮ್ಮ ಮಾವಾರ ಲೆಕ್ಕದಾಗ ನಿಂತಾನ."